ನಲ್ಲಿಗೆ ನೀರಿಲ್ಲದ ಮನೆ

ಚಿನ್ನು, ಪುಟ್ಟು, ಇದು ನಿಮ್ಮಿಬ್ಬರಿಗೂ. ಪುಟ್ಟುವಿಗೆ ಇನ್ನೂ ಓದಲು ಬರುವುದಿಲ್ಲವಾದ್ದರಿಂದ ಚಿನ್ನು ಓದಿ ಹೇಳಬೇಕು.

ಕಳೆದ ಸಲ ನಾನು ಊರಿಗೆ ಬಂದಿದ್ದಾಗ, ಚಿನ್ನು, ನೀನು ನನ್ನ ಪೆಟ್ಟಿಗೆಯ ತಳದಿಂದ ನುಣುಪು ಕಾಗದದ ಒಂದು ಪುಸ್ತಕ ಎಳೆದು ತೆಗೆದೆ. ಕೆಂಪು ಸೀರೆ ಉಟ್ಟು ಒಲೆಯ ಮುಂದೆ ನಿಂತ ಹೆಂಗಸಿನ ಚಿತ್ರ ಅದರಲ್ಲಿತ್ತು. "ಅಜ್ಜಿ, ಇದು ನೀನಾ?" ಎಂದೆ. ಹೌದೆಂದೆ. ಚಿತ್ರದ ಕೆಳಗಿನ ತಾರೀಖನ್ನು ನೀನು ಬೆರಳಿಟ್ಟು ಓದಿದೆ. "ಇದು ಪುಟ್ಟು ಹುಟ್ಟಿದ ದಿನ. ಅಮ್ಮ ಆಸ್ಪತ್ರೇಲಿ ನಿನ್ನನ್ನೇ ಕರೀತಾ ಇದ್ಳಂತೆ. ನೀನು ಇಲ್ಲಿ ಹಾಲು ಕಾಯಿಸ್ತಾ ನಿಂತಿದ್ಯಾ?"

ನಾನು ಒಗೆಯುವ ಬಟ್ಟೆ ಇದೆಯೆಂದು ಎದ್ದು ಹೋದೆ. ಎದುರಿಗೆ ನಿಂತು ಕೇಳಿದರೆ ನನಗೆ ಬಾಯಿ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ, ಮೇಷ್ಟ್ರು ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿದ್ದೂ ಬೆಂಚಿನ ಮೇಲೆ ನಿಂತೇ ಕಳೆದೆ. ಆದರೆ ನನ್ನ ಕೈಬರಹ ಚೆನ್ನಾಗಿದೆ ಎನ್ನುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಾಹೇಬರ ವಿಷಯ ಹೇಳಬೇಕು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರು ಉಕ್ರೇನ್ ದೇಶದವರು. ದುಬೈಯಲ್ಲಿಯೂ ಅಬುಧಾಬಿಯಲ್ಲಿಯೂ ಎತ್ತರದ ಕಟ್ಟಡ ಕಟ್ಟಿ ಮನೆಗಳನ್ನು ಮಾರುತ್ತಾರೆ. ಅವರ ಕಥೆಯನ್ನು ನಾನು ಅಡುಗೆಮನೆಯ ಗೋಡೆಯ ಈಚೆ ನಿಂತು ಎಷ್ಟು ಸಲ ಕೇಳಿದ್ದೇನೆಂದರೆ, ಇಂಗ್ಲಿಷ್ ಬಾರದ ನನಗೂ ಅದು ಬಾಯಿಪಾಠವಾಗಿದೆ. ಮನೆ ಕೊಳ್ಳಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಒಂದೇ ಚೀಲ ಹಿಡಿದು ಬಂದದ್ದು, ದುಬೈಯ ಹಳೆಯ ಪೇಟೆ ನೈಫ್‌ನಲ್ಲಿ ಆರು ಜನರ ಕೋಣೆಯಲ್ಲಿ ಒಂದು ಮಂಚ ಹಿಡಿದದ್ದು, ಬೇರೆಯವರು ಕಟ್ಟಿದ ಮನೆಗಳನ್ನು ಫೋನಿನಲ್ಲಿ ಮಾರಲು ಹೊರಟದ್ದು. ಯಾರೂ ಫೋನ್ ಎತ್ತುತ್ತಿರಲಿಲ್ಲ. ಆಗ ಇವರು ಬಿಸಿಲಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ನಡೆದು, ಯಾವ ಮನೆಯ ಬಚ್ಚಲು ಸೋರುತ್ತದೆ, ಯಾವ ಗೋಡೆ ಬಿರಿದಿದೆ ಎಂದು ನೋಡಿಕೊಂಡು ಬಂದು, ಕೊಳ್ಳುವವರಿಗೆ ಅದನ್ನೂ ಮುಚ್ಚಿಡದೆ ಹೇಳುತ್ತಿದ್ದರಂತೆ. ಜನ ನಂಬಿದರು. ಆಮೇಲೆ ಇಬ್ಬರು ಸ್ನೇಹಿತರ ಜೊತೆ ಸೇರಿ, ಅರ್ಧಕ್ಕೆ ನಿಂತಿದ್ದ ಒಂದು ಸಣ್ಣ ಕಟ್ಟಡ ಹಿಡಿದು ಮುಗಿಸಿದರು.

ಆ ಕಟ್ಟಡಕ್ಕೆ ಟೈಲ್ಸ್ ಹಾಕಿದವರು ನಿಮ್ಮ ಅಜ್ಜ. ಸಾಹೇಬರು ನಾಣ್ಯ ಹಿಡಿದು ಟೈಲ್ಸ್ ತಟ್ಟಿ, ಒಳಗೆ ಪೊಳ್ಳು ಉಂಟೋ ಎಂದು ನೋಡುತ್ತಿದ್ದರಂತೆ. ಅಜ್ಜ ಅವರ ಕೈ ಹಿಡಿದು, ಬೆರಳನ್ನು ಮಡಚಿಸಿ, ಗೆಣ್ಣಿನಿಂದ ತಟ್ಟಿ ತೋರಿಸಿದರು. ನಾಣ್ಯ ಎಲ್ಲಾ ಟೈಲ್ಸಿಗೂ ಒಂದೇ ಸದ್ದು ಮಾಡುತ್ತದೆ, ಬೆರಳು ಸುಳ್ಳು ಹೇಳುವುದಿಲ್ಲ ಎಂದು. ಆ ದೊಡ್ಡ ಮನುಷ್ಯ ಅದನ್ನು ಮರೆಯಲಿಲ್ಲ. ಅಜ್ಜ ಒಂದು ಮಧ್ಯಾಹ್ನ ಕೆಲಸದಲ್ಲಿದ್ದಾಗಲೇ ಎದೆ ಹಿಡಿದು ಕುಸಿದು ಹೋದ ಮೇಲೆ, ಅವರನ್ನು ಮಂಗಳೂರಿನವರೆಗೆ ವಿಮಾನದಲ್ಲಿ ತಂದು ಮುಟ್ಟಿಸಲು ಜೊತೆಗೆ ಒಬ್ಬನನ್ನು ಕಳಿಸಿದವರು ಅವರೇ. ವರ್ಷ ಕಳೆದು ನನಗೆ ವೀಸಾ ಮಾಡಿಸಿ ಕರೆಸಿಕೊಂಡವರೂ ಅವರೇ. ಇಷ್ಟು ಮಾಡಿದವರಿಗೆ ನಾನು 'ಆಗುವುದಿಲ್ಲ' ಎನ್ನುವ ಮಾತು ಕಲಿಯಲೇ ಇಲ್ಲ. ನನ್ನ ಪಾಸ್‌ಪೋರ್ಟ್ ನನ್ನ ಪೆಟ್ಟಿಗೆಯಲ್ಲೇ ಇತ್ತು, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಆದರೂ ನಾನು ಸಿಕ್ಕಿಬಿದ್ದಿದ್ದೆ. ಇದು ನಿಮಗೆ ಅರ್ಥವಾಗಲು ಸ್ವಲ್ಪ ದೊಡ್ಡವರಾಗಬೇಕು.

ನನ್ನ ಕೆಲಸ ಮಾದರಿ ಮನೆಯಲ್ಲಿ. ಕಟ್ಟಡ ಏಳುವ ಮೊದಲೇ, ಮಾರುವ ಆಫೀಸಿನ ದೊಡ್ಡ ಹಾಲ್‌ನೊಳಗೆ ಒಂದು ಇಡೀ ಮನೆ ಮಾಡಿ ನಿಲ್ಲಿಸುತ್ತಾರೆ. ದುಬೈಯ ಸತ್ವಾ ಬಡಾವಣೆಯ ನನ್ನ ಕೋಣೆಯಿಂದ ಬಸ್ಸು ಹಿಡಿದು ಬೆಳಿಗ್ಗೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಯಾರೂ ಮಲಗದ ಹಾಸಿಗೆಯ ಸುಕ್ಕು ತೆಗೆಯುವುದು, ಮೇಣದ ಹಣ್ಣುಗಳ ಧೂಳು ಒರೆಸುವುದು. ಕಿಟಕಿಯ ಆಚೆ ಸಮುದ್ರ ಕಾಣುತ್ತಿತ್ತು. ಅದು ಬಟ್ಟೆಯ ಮೇಲೆ ಅಚ್ಚು ಹಾಕಿದ ಸಮುದ್ರ, ಹಿಂದೆ ಟ್ಯೂಬ್‌ಲೈಟು. ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ಆರಕ್ಕೂ ಅಲ್ಲಿ ಒಂದೇ ಹೊತ್ತು. ಗಂಗೊಳ್ಳಿಯ ಕಡಲು ನೋಡಿ ಬೆಳೆದ ನನಗೆ, ಅಲೆ ಎದ್ದಲ್ಲೇ ನಿಂತ ಆ ಕಡಲನ್ನು ದಿನವಿಡೀ ನೋಡಿ ತಲೆ ತಿರುಗುತ್ತಿತ್ತು. ನಲ್ಲಿಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು, ತಿರುಗಿಸಿದರೆ ನೀರಿಲ್ಲ. ಬಚ್ಚಲಿನ ತೊಟ್ಟಿಗೆ ತೂತೇ ಇರಲಿಲ್ಲ. ನೆಲ ಒರೆಸಲು ಆಫೀಸಿನ ಹಿಂದಿನಿಂದ ಬಕೆಟಿನಲ್ಲಿ ನೀರು ಹೊತ್ತು ತರುತ್ತಿದ್ದೆ. ಒಲೆ ಮಾತ್ರ ನಿಜವಾದದ್ದು. ಮನೆ ಮಾರಾಟವಾಗುವುದು ಕಣ್ಣಿನಿಂದಲ್ಲ, ಮೂಗಿನಿಂದ ಎಂದು ಸಾಹೇಬರು ಹೇಳುತ್ತಿದ್ದರು. ಅದಕ್ಕೆ ಬೆಳಿಗ್ಗೆ ಬ್ರೆಡ್ ಸುಡಬೇಕಿತ್ತು.

ಹೊಸ ಮಾದರಿ ಮನೆಯ ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಆಮೇಲಿನದಕ್ಕೆಲ್ಲ ಅದೇ ಮೂಲ.

ಹಾಲು ಉಕ್ಕದ ಮನೆಯಲ್ಲಿ ಹಾಸಿಗೆ ಹಾಸಲು ನನಗೆ ಕೈ ಬರಲಿಲ್ಲ. ಸುಳ್ಳು ಮನೆಯೇ ಇರಲಿ, ಮನೆಯಲ್ಲವೇ? ನಮ್ಮಲ್ಲಿ ಮನೆಯೊಕ್ಕಲಿನಂದು ಮುತ್ತೈದೆಯರು ಹಾಲು ಉಕ್ಕಿಸುತ್ತಾರೆ. ಅಜ್ಜ ಹೋದ ಮೇಲೆ ನನ್ನ ಸ್ವಂತ ಅಣ್ಣನ ಮನೆಯೊಕ್ಕಲಿನಲ್ಲಿ ನಾನು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದೆ. ಯಾರೂ ಹೋಗೆನ್ನಲಿಲ್ಲ, ಕರೆಯಲೂ ಇಲ್ಲ. ಇಲ್ಲಿ ನೋಡುವವರು ಯಾರೂ ಇರಲಿಲ್ಲ, ಮಾಡುವವರೂ ಬೇರೆ ಇರಲಿಲ್ಲ. ಸಣ್ಣ ಪಾತ್ರೆಯಲ್ಲಿ ಹಾಲಿಟ್ಟೆ. ಅದು ಉಕ್ಕಿ ಹೊಸ ಒಲೆಯ ಮೇಲೆಲ್ಲ ಹರಿಯುವ ಹೊತ್ತಿಗೆ ಸರಿಯಾಗಿ ಸಾಹೇಬರು, ಮಾರಾಟದ ಮ್ಯಾನೇಜರ್ ಹುಡುಗಿ, ಮನೆ ನೋಡಲು ಬಂದ ಒಂದು ಗುಜರಾತಿ ಸಂಸಾರ, ಎಲ್ಲರೂ ಒಳಗೆ ಬಂದರು.

ಆ ಹುಡುಗಿ ಮಂಗಳೂರಿನವಳು. ನನ್ನ ಮಾತನ್ನು ಸಾಹೇಬರಿಗೆ, ಅವರದನ್ನು ನನಗೆ ದಾಟಿಸುವವಳು ಅವಳೇ. "ಅಯ್ಯೋ ಆಂಟಿ, ಎಂತ ಅವಸ್ಥೆ ಇದು! ಒಲೆ ಪೂರ ಹಾಳಾಯ್ತಲ್ಲ ಮಾರಾಯ್ರೆ!" ಎಂದು ಕೂಗಿದಳು. ಆದರೆ ಗುಜರಾತಿ ಹೆಂಗಸು ಎರಡೂ ಕೈ ಜೋಡಿಸಿ ನಿಂತುಬಿಟ್ಟಿದ್ದಳು. ಸಾಹೇಬರು ಏನೆಂದು ಕೇಳಿದರು. ಆಕೆಯ ಗಂಡ ವಿವರಿಸಿದ. ಅವರು ಅಂದೇ ಮನೆ ಗೊತ್ತು ಮಾಡಿಕೊಂಡು ಹೋದರು.

ಮರುದಿನದಿಂದ ಹಾಲು ನನ್ನ ಕೆಲಸವಾಯಿತು. ಭಾರತದವರು ಬರುವ ದಿನವೆಲ್ಲ ಉಕ್ಕಿಸಬೇಕು. ಹುಡುಗಿ ಕೆಂಪು ಸೀರೆ ತಂದಳು, ಹಣೆಗೆ ಅಂಟಿಸುವ ಬೊಟ್ಟಿನ ಚೀಟಿಯನ್ನೂ ತಂದಳು.

"ನಾನು ಇಡುವುದಿಲ್ಲ ಮಗಾ."

"ಖಾಲಿ ಹಣೆ ಚಂದ ಕಾಣುದಿಲ್ಲ ಆಂಟಿ. ಒಂದು ಅರ್ಧ ಗಂಟೆ ಅಲ್ವಾ? ಮತ್ತೆ ತೆಗೆದ್ರಾಯ್ತು. ಯಲ್ಲಾ, ಬೇಗ ಬೇಗ, ಅವರು ಲಿಫ್ಟಲ್ಲಿದ್ದಾರೆ."

ಅವಳೇ ಅಂಟಿಸಿದಳು. ನಾನು ಒಲೆ ಹಚ್ಚಿದೆ. ಆಮೇಲೆ ದುಬೈಯಲ್ಲಿ, ಅಬುಧಾಬಿಯಲ್ಲಿ, ಎಲ್ಲಿ ಮಾದರಿ ಮನೆ ತೆರೆದರೂ ನನ್ನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ನನ್ನಂತೆ ಬೇರೆ ಯಾರಾದರೂ ಮಾಡಬಹುದಿತ್ತು. ಆದರೆ ಸಾಹೇಬರಿಗೆ ನಾನೇ ಆಗಬೇಕು. ನನ್ನಿಂದ ಮೊದಲ ಮನೆ ಹೋಯಿತು, ನನ್ನ ಕೈ ಒಳ್ಳೆಯದು ಎಂಬ ನಂಬಿಕೆ. ದೊಡ್ಡ ವ್ಯಾಪಾರ ಮಾಡುವವರಿಗೂ ಇಂಥ ನಂಬಿಕೆಗಳಿರುತ್ತವೆ.

ಅವರ ದೇಶದಲ್ಲಿ ಯುದ್ಧ ಶುರುವಾದದ್ದು ನಾನು ಬಂದ ಮೇಲೆ. ಅಬುಧಾಬಿಯಲ್ಲಿ ಆಗಷ್ಟೇ ಮುಗಿದಿದ್ದ ಕಟ್ಟಡದ ಎರಡು ಅಂತಸ್ತುಗಳನ್ನು ಮಾರುವುದು ನಿಲ್ಲಿಸಿ, ಅಲ್ಲಿಂದ ಬಂದ ಹೆಂಗಸರು ಮಕ್ಕಳಿಗೆ ಇರಲು ಬಿಟ್ಟರು. ಅದಕ್ಕೂ ಮೊದಲೇ ಅವರು ರಂಜಾನ್ ತಿಂಗಳಲ್ಲಿ ಕೂಲಿಯವರ ಕ್ಯಾಂಪುಗಳಿಗೆ ಊಟದ ಪೊಟ್ಟಣ ಕಳಿಸುತ್ತಿದ್ದರು. ಸಂಜೆ ತಾವೇ ನಿಂತು ಹಂಚುತ್ತಿದ್ದರು. ಈಗಂತೂ ಅವರಿಗೆ ಹಗಲೆಲ್ಲ ಅದೇ ಕೆಲಸ. ಕಾಲು ಕಳೆದುಕೊಂಡವರಿಗೆ ಕಾಲು, ಆಸ್ಪತ್ರೆಗೆ ಜನರೇಟರ್. ಬಂದವರ ಮನೆಗಳಿಗೆ ಮೊದಲ ದಿನ ನನ್ನನ್ನೇ ಹಾಲು ಉಕ್ಕಿಸಲು ಕರೆದರು. ಅಲ್ಲಿ ನಲ್ಲಿ ತಿರುಗಿಸಿದರೆ ನೀರು ಬಂತು. ನಾನು ಸುಮ್ಮನೆ ಎರಡು ಸಲ ತಿರುಗಿಸಿ ನೋಡಿದೆ.

ಅವರಲ್ಲೊಬ್ಬ ಮುದುಕಿ ಬುಟ್ಟಿಯಲ್ಲಿ ಬೆಕ್ಕು ತಂದಿದ್ದಳು. ಅವರ ಕಡೆ ಹೊಸ ಮನೆಗೆ ಮೊದಲು ಬೆಕ್ಕನ್ನು ಬಿಡುತ್ತಾರಂತೆ. ನಮ್ಮಲ್ಲಿ ಹಸು ಎಂದು ಹುಡುಗಿ ಹೇಳಿದಾಗ ಮುದುಕಿ ಲಿಫ್ಟಿನ ಕಡೆ ನೋಡಿ, ಹಸು ಇದರಲ್ಲಿ ಹೇಗೆ ಹಿಡಿಸುತ್ತದೆ ಎಂದು ಕೈಯಲ್ಲಿ ಅಳತೆ ಮಾಡಿ ತೋರಿಸಿದಳು. ಎಷ್ಟೋ ದಿನದ ಮೇಲೆ ಅಂದು ನಾನು ನಕ್ಕೆ. ಬೆಕ್ಕು ಮಾತ್ರ ಒಳಗೆ ಹೋಗಲೊಪ್ಪದೆ ಹೊಸ್ತಿಲ ಮೇಲೇ ಕುಳಿತಿತ್ತು.

ಆಗಲೇ ನಿಮ್ಮ ಅಮ್ಮನ ಹೊಟ್ಟೆಯಲ್ಲಿ ಪುಟ್ಟು ಇದ್ದ. ಚಿನ್ನು, ನೀನು ಹುಟ್ಟುವಾಗ ನಿನ್ನ ಅಮ್ಮ ಎರಡು ದಿನ ನೋವು ತಿಂದಿದ್ದಳು. ಆಗ ನಾನು ಪಕ್ಕದಲ್ಲಿದ್ದೆ, ಬಾಣಂತನ ನನ್ನ ಕೈಯಲ್ಲೇ ಆಯಿತು. ಈ ಸಲ ಬಿ.ಪಿ. ಏರಿ ಡಾಕ್ಟರು ಮಲಗಿಯೇ ಇರಬೇಕೆಂದಿದ್ದರು. ಅವಳ ಅತ್ತೆ ತೀರಿಕೊಂಡಿದ್ದರು. ನಿಮ್ಮ ಅಪ್ಪ ಬೋಟಿಗೆ ಹೋದರೆ ಎಂಟು ಹತ್ತು ದಿನ ಕಡಲಿನ ಮೇಲೆ. ಹೆರಿಗೆಗೆ ನಾನು ಇರಬೇಕು, ನನಗೆ ಬೇಕಾದದ್ದು ಅದೊಂದೇ.

"ಅಮ್ಮ, ನೀನ್ ಯಾವಾಗ ಬಪ್ಪುದ್?" ಎಂದು ದಿನವೂ ಕೇಳುತ್ತಿದ್ದಳು.

"ಮುಂದಿನ ತಿಂಗ್ಳ್ ಬತ್ತೆ ಮಗಾ."

"ಹೋದ್ ತಿಂಗ್ಳೂ ಹಂಗೇ ಹೇಳಿದ್ದೆ."

ಎಂಟನೆಯ ತಿಂಗಳಿಗೆ ರಜೆ ಸಿಕ್ಕಿತ್ತು. ಅಬುಧಾಬಿಯಲ್ಲಿ ಹೊಸ ಮಾದರಿ ಮನೆ ತೆರೆಯುತ್ತದೆಂದು ಎರಡು ವಾರ ಮುಂದೆ ಹೋಯಿತು. ಅದು ಮುಗಿಯುವಾಗ ದುಬೈಯಲ್ಲಿ ಇನ್ನೊಂದು. "ಇದೊಂದು ಮುಗೀಲಿ ಆಂಟಿ, ಪ್ಲೀಸ್. ನೀವು ಇಲ್ಲದಿದ್ರೆ ಸರ್ ನನ್ನನ್ನು ತಿಂದು ಹಾಕ್ತಾರೆ" ಎಂದಳು ಹುಡುಗಿ. ಅವಳೂ ಮೂರು ವರ್ಷದಿಂದ ಊರಿಗೆ ಹೋಗಿರಲಿಲ್ಲ. ಸಾಹೇಬರ ಎದುರಿಗೆ ಹೋಗಿ ನಾನೇ ಕೇಳಬೇಕೆಂದು ಎರಡು ಸಲ ಅವರ ಬಾಗಿಲಿನವರೆಗೆ ಹೋದೆ. ಎರಡು ಸಲವೂ ಅವರು ಎದ್ದು ನಿಂತು, ನನಗೆ ಕುರ್ಚಿ ಎಳೆದು ಕೊಟ್ಟು, ಊಟವಾಯಿತೇ ಎಂದು ಕೇಳಿದರು. ಆಯಿತು ಎಂದು ಹೇಳಿ ವಾಪಸು ಬಂದೆ.

ಆ ದಿನಗಳಲ್ಲೇ ನಮ್ಮ ಕುಂದಾಪುರದ ಕಡೆಯ ಒಂದು ಸಂಸಾರ ಮನೆ ನೋಡಲು ಬಂತು. ಮಗ, ಸೊಸೆ, ಮಗನ ತಾಯಿ. ತಾಯಿ ಎಲ್ಲರ ಹಿಂದೆ, ಬಾಗಿಲಿಗೆ ಒರಗಿ ನಿಂತಿದ್ದರು. ಹಾಲು ಉಕ್ಕಿತು. ಸೊಸೆ ಮುಂದೆ ಬಂದು ನನಗೆ ಕುಂಕುಮ ಇಡಲು ಕೈ ಎತ್ತಿದಳು. ಅಂಟಿಸಿದ ಬೊಟ್ಟಿನ ಮೇಲೆ ನಿಜವಾದ ಕುಂಕುಮ! ನಾನು ಹಿಂದೆ ಸರಿದು, "ಬೇಡ ಅಮ್ಮ. ನನ್ ಗಂಡ ಇಲ್ಲ" ಎಂದುಬಿಟ್ಟೆ.

ಸೊಸೆಯ ಕೈ ಅಲ್ಲೇ ನಿಂತಿತು. ಬಾಗಿಲ ಹತ್ತಿರದ ಹಿರಿಯರು ಮುಂದೆ ಬಂದರು. ಆಗ ನೋಡಿದೆ, ಅವರ ಹಣೆಯೂ ಖಾಲಿ.

"ಹ್ವಾಯ್, ಹೌದಾ?" ಎಂದರು ನನ್ನನ್ನು ನೋಡಿ. ಆಮೇಲೆ ಮಗನ ಕಡೆ ತಿರುಗಿ, "ಕಾಣ್! ಗುರ್ತಿಲ್ದ ಹೆಂಗ್ಸ್ ಉಕ್ಸುಕ್ ಆತ್ತಂಬ್ರ್. ಹೆತ್ತ್ ಅಬ್ಬಿ ಬಾಗ್ಲಗೆ ನಿಲ್ಕ್ ಅಂಬ್ರ್. ಹಂಗಾರೆ ನಿನ್ ಹೊಸ ಮನಿಗೆ ನಾನೇ ಉಕ್ಸುದ್, ಈಗ್ಲೇ ಹೇಳ್ದೆ!"

ಹೆತ್ತ ತಾಯಿ ಯಾಕೆ ಬಾಗಿಲಲ್ಲಿ ನಿಲ್ಲಬೇಕು ಎಂಬ ಆ ಮಾತಿಗೆ ಮಗ ತಲೆ ಕೆರೆದುಕೊಂಡು ನಕ್ಕ. ಅವರು ನನ್ನ ಬೆನ್ನು ತಟ್ಟಿ ಹೋದರು. ಇನ್ನು ಈ ಕೆಲಸ ನನಗೆ ಕೊಡುವುದಿಲ್ಲ, ನಾಳೆಯೇ ಊರಿಗೆ ಕಳಿಸುತ್ತಾರೆ ಎಂದು ನಾನು ಒಳಗೊಳಗೇ ಹಗುರಾದೆ. ನಿಜ ಹೇಳಿದ ನಾಚಿಕೆಗಿಂತ ಆ ಸಂತೋಷವೇ ಹೆಚ್ಚಾಗಿತ್ತು.

ಆಗಿದ್ದೇ ಬೇರೆ. ವಿಷಯ ತಿಳಿದ ಸಾಹೇಬರ ಕಣ್ಣು ತುಂಬಿತು. ಗಂಡನನ್ನು ಕಳೆದುಕೊಂಡವಳು ಬೇರೆಯವರ ಮನೆ ಬೆಳಗಿಸುತ್ತಾಳೆ, ಅವರ ದೇಶದಲ್ಲೀಗ ಅಂಥ ಹೆಂಗಸರು ಎಷ್ಟಿಲ್ಲ? ಅವರಿಗಾಗಿ ದಾನ ಕೂಡಿಸಲು ಒಂದು ಮಧ್ಯಾಹ್ನದ ಊಟ ಇಟ್ಟುಕೊಂಡರು. ಮಾದರಿ ಮನೆಯಲ್ಲೇ. ದೊಡ್ಡ ದೊಡ್ಡವರು ಬರುತ್ತಾರೆ, ಅವರೆದುರು ನಾನು ಹಾಲು ಉಕ್ಕಿಸಬೇಕು. ಹೊಸ ತಾರೀಖು ನನ್ನ ರಜೆಯ ಮೇಲೇ ಬಂದು ಕುಳಿತಿತ್ತು. ನಾನು ಸಿಕ್ಕಿಬಿದ್ದದ್ದು ಯಾರ ಕೆಟ್ಟತನದಲ್ಲೂ ಅಲ್ಲ ಮಕ್ಕಳೇ, ಒಳ್ಳೆಯತನದಲ್ಲಿ. ಅದರಿಂದ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ.

ಆ ದಿನ ಹುಡುಗಿ ನನ್ನ ಹಣೆಯಿಂದ ಬೊಟ್ಟು ಕಿತ್ತಳು. "ಇವತ್ತು ಬೇಡ ಆಂಟಿ. ಇವತ್ತು ನೀವು ವಿಡೋ ಅಲ್ವಾ?" ಎಂದಳು. ಹೇಳಿದ ಮೇಲೆ ಅವಳಿಗೇ ಹೇಗೋ ಆಗಿ, ನನ್ನ ಸೆರಗು ಸರಿಮಾಡುವ ನೆವದಲ್ಲಿ ತಲೆ ಬಗ್ಗಿಸಿದಳು.

ನಿನ್ನ ಅಮ್ಮನನ್ನು ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಿಸಿದ್ದರು. ಸುದ್ದಿ ತಿಳಿಸಿದವರು ಪಕ್ಕದ ಮನೆಯ ಹೆಂಗಸು. ಫೋನನ್ನು ಸದ್ದು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಹಾಲು ಇಟ್ಟೆ. ಸಾಹೇಬರು ಮಾತನಾಡುತ್ತಿದ್ದರು. ನಿಮ್ಮ ಅಜ್ಜನ ವಿಷಯ, ಟೈಲ್ಸಿನ ವಿಷಯ, ನನಗೆ ಅರ್ಥವಾಗುತ್ತಿತ್ತು. ನಲವತ್ತು ಐವತ್ತು ಜನ ನನ್ನನ್ನೇ ನೋಡುತ್ತಿದ್ದರು. ಕಿಟಕಿಯಲ್ಲಿ ಆ ಸತ್ತ ಸಮುದ್ರ. ಹಾಲಿನ ಅಂಚು ಗುಳ್ಳೆಗಟ್ಟಿತು. ನಡುವೆ ಕೆನೆ ಉಬ್ಬಿತು, ಮೇಲೆದ್ದಿತು. ಆಗ ಸೊಂಟದಲ್ಲಿ ಫೋನು ನಡುಗಿತು.

ನಾನು ಏನೂ ಯೋಚಿಸಲಿಲ್ಲ. ಎಡಗೈ ಫೋನಿಗೆ ಹೋಯಿತು, ಬಲಗೈ ಒಲೆ ಆರಿಸಿತು. ಮೂವತ್ತು ವರ್ಷ ಅಡುಗೆ ಮಾಡಿದ ಕೈ, ಹೊರಗೆ ಹೋಗುವ ಮೊದಲು ಒಲೆ ಆರಿಸುತ್ತದೆ. ಹಾಲು ಕಂಠದವರೆಗೆ ಬಂದು ಹಾಗೇ ಇಳಿದುಹೋಯಿತು. ಉಕ್ಕಲಿಲ್ಲ. ಜನರಿಗೆ ಅದು ತಿಳಿಯಲೂ ಇಲ್ಲ. ಚಪ್ಪಾಳೆ ತಟ್ಟಿದರು. ಫೋಟೋದವನ ಬೆಳಕು ಅಷ್ಟರಲ್ಲೇ ಮಿಂಚಿತ್ತು. ನಾನು ಬಚ್ಚಲುಮನೆಗೆ ಓಡಿ ಬಾಗಿಲು ಹಾಕಿಕೊಂಡೆ.

ತೂತಿಲ್ಲದ ಆ ತೊಟ್ಟಿಯ ಅಂಚಿನ ಮೇಲೆ ಕುಳಿತು ಫೋನ್ ಎತ್ತಿದೆ. ಪಕ್ಕದ ಮನೆಯವಳು ಏನೋ ಹೇಳುತ್ತಿದ್ದಳು. ನನಗೆ ಕೇಳಿಸಿದ್ದು ಮಗುವಿನ ಅಳು ಒಂದೇ. ಪುಟ್ಟು, ಅದು ನೀನು. ಆಮೇಲೆ ನಿನ್ನ ಅಮ್ಮನ ದನಿ ಬಂತು, ತುಂಬಾ ಸಣ್ಣಗೆ. "ಅಮ್ಮ, ಎಷ್ಟ್ ಕರ್ದೆ ನಿನ್ನ." ಅಷ್ಟೇ ಹೇಳಿದಳು. ಮುಖ ತೊಳೆದುಕೊಳ್ಳಲು ನಲ್ಲಿ ತಿರುಗಿಸಿದೆ. ಮರೆತೇ ಹೋಗಿತ್ತು ನನಗೆ. ಹಾಗೆಯೇ ನಲ್ಲಿ ಹಿಡಿದು ನಿಂತು ಅತ್ತೆ.

ಬಾಗಿಲು ತೆರೆದಾಗ ಹೊರಗೆ ಸಾಹೇಬರು, ಅವರ ಹಿಂದೆ ಹುಡುಗಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಬಾಗಿಲು ಬಡಿದಿರಲಿಲ್ಲ. ಹುಡುಗಿ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಎಷ್ಟು ಸಲ ರಜೆ ಮುಂದೆ ಹೋಯಿತು, ಯಾಕೆ ನಾನು ಕೇಳಲಿಲ್ಲ, ಅವಳು ಯಾಕೆ ಹೇಳಲಿಲ್ಲ. ಅವಳೂ ಅಳುತ್ತಿದ್ದಳು. ಸಾಹೇಬರು ಒಳಗೆ ಬಂದು ನಾನು ಕುಳಿತಿದ್ದ ಅಂಚಿನ ಮೇಲೆಯೇ ಕುಳಿತರು. ಬೆರಳು ಮಡಚಿ ಗೋಡೆಯ ಟೈಲ್ಸ್ ತಟ್ಟಿದರು, ಅಜ್ಜ ಕಲಿಸಿದ ಹಾಗೆ. ಪ್ಲೈವುಡ್ಡಿಗೆ ಅಂಟಿಸಿದ ಟೈಲ್ಸು. ತಟ್ಟಿದಲ್ಲೆಲ್ಲ ಪೊಳ್ಳು ಸದ್ದು.

ಆಮೇಲೆ ಅವರು ಹೇಳಿದ್ದನ್ನು ಹುಡುಗಿ ನನಗೆ ಹೇಳಿದಳು. "ಸರ್‌ನ ಅಮ್ಮ ಅಲ್ಲೇ ಇದ್ದಾರಂತೆ ಆಂಟಿ, ಉಕ್ರೇನಲ್ಲಿ. ಇಷ್ಟು ಜನಕ್ಕೆ ಮನೆ ಕೊಟ್ರು, ಅಮ್ಮ ಮಾತ್ರ ಬರುದೇ ಇಲ್ಲ ಅಂತಾರಂತೆ, ಅವರ ಅಡಿಗೆಮನೆ ಬಿಟ್ಟು. ಸರ್‌ಗೆ ಅಲ್ಲಿಗೆ ಹೋದ್ರೆ ವಾಪಸು ಬರ್ಲಿಕ್ಕೆ ಬಿಡುದಿಲ್ಲ, ಯುದ್ಧ ಮುಗಿಯುವವರೆಗೆ ಗಂಡಸರು ದೇಶ ಬಿಡ್ಲಿಕ್ಕಿಲ್ಲ ಅಂತೆ. ಫೋನಲ್ಲೇ ನೋಡುದು." ಆಮೇಲೆ ಕಣ್ಣೊರೆಸಿಕೊಂಡು, "ಗಂಡಾ ಹೆಣ್ಣಾ ಅಂತ ಕೇಳ್ತಿದ್ದಾರೆ" ಎಂದಳು.

"ಗಂಡು" ಎಂದೆ. ಆಮೇಲೆ, ಎಲ್ಲಿಂದ ಬಂತೋ ಧೈರ್ಯ, ಹುಡುಗಿಗೆ ಹೇಳಿದೆ. "ಹಾಲು ಉಕ್ಕಲಿಲ್ಲ ಅಂತ ಹೇಳು. ನಾನೇ ಆರಿಸಿದೆ ಅಂತ ಹೇಳು. ಇನ್ನು ಊರಿಗೆ ಹೋಗದೆ ನನ್ನಿಂದ ಆಗುವುದಿಲ್ಲ ಅಂತ ಹೇಳು."

ಸಾಹೇಬರು ಕೇಳಿದರು. ತಲೆಯಾಡಿಸಿದರು. "ನಾಳೆ" ಎಂದರು.

ಟಿಕೆಟ್ ಸಿಕ್ಕಿ, ನಾಲ್ಕನೆಯ ದಿನಕ್ಕೆ ನಾನು ನಿನ್ನ ಅಮ್ಮನ ಹತ್ತಿರ ಇದ್ದೆ. ಬಿಸಿನೀರು ಹೊಯ್ದೆ, ನಿನಗೆ ಎಣ್ಣೆ ತಿಕ್ಕಿದೆ ಪುಟ್ಟು, ನೀನು ಊರಿಗೆಲ್ಲ ಕೇಳುವ ಹಾಗೆ ಅತ್ತೆ. ಮೊದಲ ಎರಡು ದಿನ ನಿನ್ನ ಅಮ್ಮ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆನ್ನಿಗೆ ನೀರು ಹೊಯ್ಯುವಾಗ, "ಇನ್ನೂ ಸ್ವಲ್ಪ ಬಿಸಿ ಮಾಡ್" ಎಂದಳು. ನಲವತ್ತು ದಿನ ಮುಗಿಸಿ ನಾನು ತಿರುಗಿ ಬಂದೆ. ಬರದೆ ಉಪಾಯವಿರಲಿಲ್ಲ. ಆ ಊಟದ ಚಿತ್ರಗಳ ಪುಸ್ತಕ ಅಚ್ಚಾದದ್ದು ಆಮೇಲೆ, ಕಳೆದ ಸಲ ತಂದಾಗ ಅದನ್ನು ನಿಮ್ಮಲ್ಲೇ ಬಿಟ್ಟು ಬಂದೆ. ಈಗ ಸತ್ವಾದ ಕೋಣೆಯಲ್ಲಿ, ನನ್ನ ಮಂಚದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಪರದೆಯ ಆಚೆ ಇನ್ನೂ ಮೂವರು ಹೆಂಗಸರಿದ್ದಾರೆ. ನಾಳೆ ಬೆಳಿಗ್ಗೆ ಮತ್ತೆ ಅದೇ ಬಟ್ಟೆಯ ಸಮುದ್ರ. ಹಾಲು ಉಕ್ಕಿಸುವ ಕೆಲಸ ಮಾತ್ರ ಈಗಿಲ್ಲ. ಬ್ರೆಡ್ ಸುಡುತ್ತೇನೆ, ಧೂಳು ಒರೆಸುತ್ತೇನೆ. ಮಂಗಳೂರಿನ ಹುಡುಗಿ ಕೊನೆಗೂ ತಾನು ಊರಿಗೆ ಹೋಗಲು ಒಂದು ತಿಂಗಳ ರಜೆಗೆ ಬರೆದುಕೊಟ್ಟಿದ್ದಾಳೆ.

ಚಿನ್ನು, ಆ ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡು. ಮುಖ ನೋಡಬೇಡ, ಕೈ ನೋಡು. ಬಲಗೈ ಒಲೆಯ ಗುಂಡಿಯ ಮೇಲಿದೆ, ಎಡಗೈ ಸೊಂಟದ ಫೋನಿನ ಮೇಲಿದೆ. ನಿನ್ನ ತಮ್ಮನ ಸುದ್ದಿ ನನ್ನನ್ನು ಮುಟ್ಟಿದ ಗಳಿಗೆ ಅದು. ಕೆಳಗೆ ಇಂಗ್ಲಿಷಿನಲ್ಲಿ ಏನು ಬರೆದಿದ್ದಾರೋ ನನಗೆ ಗೊತ್ತಿಲ್ಲ, ಇದನ್ನಂತೂ ಬರೆದಿರುವುದಿಲ್ಲ. ಅದಕ್ಕೇ ಈ ಹಾಳೆಗಳನ್ನು ಆ ಪುಸ್ತಕದೊಳಗೆ, ಸರಿಯಾಗಿ ಆ ಚಿತ್ರದ ಪುಟದಲ್ಲೇ ಇಡು. ಗೆದ್ದಲು ತಾಗದ ಕಡೆ ಇಡು, ಅಮ್ಮನಿಗೂ ಜಾಗ ತೋರಿಸಿರು. ಮುಂದೆ ಪುಟ್ಟು ಓದುವಂತಾಗಿ ಚಿತ್ರ ತೆಗೆದು ಕೇಳಿದರೆ, ಇವು ಅವನ ಕೈಗೆ ಒಟ್ಟಿಗೇ ಸಿಗಬೇಕು.